ಹದಿನೇಳು ಪಾಯಿಂಟ್ ಆರು ಮಕ್ಕಳು

ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಕೂರಲು ಒಂದು ಜಾಗ ಬೇಕು. ಅರಮನೆ ಬೇಡ, ಸಿಂಹಾಸನ ಬೇಡ. ಒಂದು ಮೇಜು, ಒಂದು ಕುರ್ಚಿ, ಸುತ್ತ ಒಂದಿಷ್ಟು ಗಾಳಿ ಸಾಕು. ನನಗೆ ಅದಕ್ಕೂ ಗತಿಯಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಬೆಳಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ನನ್ನ ಸ್ವಂತ ಮನೆಗೆ ನಾನು ಹಿಂಬಾಗಿಲಿನಿಂದ, ಚಪ್ಪಲಿ ಕೈಯಲ್ಲಿ ಹಿಡಿದು, ಕೆಮ್ಮು ಬಂದರೆ ನುಂಗಿಕೊಂಡು ಪ್ರವೇಶ ಮಾಡಬೇಕಾಗಿತ್ತು. ಏಕೆಂದರೆ ನಮ್ಮ ಮುಂದಿನ ಹಾಲ್ ಮತ್ತು ಅದರ ಪಕ್ಕದ ಕೋಣೆಯಲ್ಲಿ ನನ್ನಾಕೆ ಇಪ್ಪತ್ತೊಂದು ವರ್ಷದಿಂದ ಶಿಶುವಿಹಾರ ನಡೆಸುತ್ತಿದ್ದಾಳೆ.

ಒಟ್ಟು ಹದಿನೆಂಟು ಮಕ್ಕಳು. ಎರಡು ವರ್ಷದವರಿಂದ ಐದು ವರ್ಷದವರವರೆಗೆ. ಅಪ್ಪ ಅಮ್ಮ ಕೆಲಸಕ್ಕೆ ಹೋಗುವಾಗ ಬಿಟ್ಟು ಹೋಗುತ್ತಾರೆ, ಬರುವಾಗ ಕರೆದುಕೊಂಡು ಹೋಗುತ್ತಾರೆ. ನಡುವಿನ ಹೊತ್ತಿನಲ್ಲಿ ಹಾಡು, ಕಥೆ, ಊಟ, ನಿದ್ದೆ, ಜಗಳ ಬಿಡಿಸುವುದು, ಮೂಗು ಒರೆಸುವುದು ಮುಂತಾದ ಸಕಲ ಸೇವೆಗಳನ್ನೂ ನನ್ನಾಕೆ ಮತ್ತು ಆಯಮ್ಮ ಇಬ್ಬರೇ ಸಲ್ಲಿಸುತ್ತಿದ್ದರು.

ನಾನಾದರೋ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವನು. ನಾನು ಬೀದಿಯ ಈ ತುದಿಯಲ್ಲಿ ಕಾಲಿಟ್ಟರೆ ಆ ತುದಿಯ ಅಂಗಡಿಯಲ್ಲಿ ತಕ್ಕಡಿ ತಾನಾಗಿಯೇ ನೆಟ್ಟಗೆ ನಿಲ್ಲುತ್ತಿತ್ತು. (ಸ್ವಲ್ಪ ಹೆಚ್ಚು ಹೇಳಿದೆ. ಆದರೆ ಅಂಗಡಿಯವರು ನೆಟ್ಟಗೆ ನಿಲ್ಲುತ್ತಿದ್ದದ್ದು ಸತ್ಯ.) ಆ ವೈಭವದ ದಿನಗಳ ಗುರುತಾಗಿ ಹಾಲ್‌ನ ಮೂಲೆಯಲ್ಲಿ ನನ್ನದೊಂದು ಮೇಜು ಇತ್ತು. ಇಡೀ ಹಾಲ್‌ನಲ್ಲಿ ನನ್ನದೆಂದು ಹೇಳಿಕೊಳ್ಳುವಂತಿದ್ದದ್ದು ಅದೊಂದೇ. ನಾಲ್ಕು ಗಂಟೆಗೆ ಕೊನೆಯ ಮಗು ಹೊರಗೆ ಕಾಲಿಟ್ಟ ತಕ್ಷಣ ನಾನು ಹೋಗಿ ಅದರ ಮುಂದೆ ಕೂರುತ್ತಿದ್ದೆ. ಮಾಡಲು ಕೆಲಸವೇನೂ ಇರಲಿಲ್ಲ, ಆದರೂ ಕೂರುತ್ತಿದ್ದೆ.

ಹೀಗಿರುವಾಗ ಒಂದು ದಿನ ಸರ್ಕಾರದಿಂದ ದಪ್ಪನೆಯ ಲಕೋಟೆ ಬಂತು. ಒಳಗೆ ‘ಶಾಲಾಪೂರ್ವ ಶಿಶುಪಾಲನಾ ಮತ್ತು ಶಿಕ್ಷಣ ಸೇವೆಗಳ ನಿಯಂತ್ರಣ (ಪರಿಷ್ಕೃತ) ನಿಯಮಾವಳಿ’ ಎಂಬ ತೊಂಬತ್ತಾರು ಪುಟದ ಪುಸ್ತಕ. (ಹೆಸರು ಓದಿ ಮುಗಿಸುವಷ್ಟರಲ್ಲಿ ಮಗು ದೊಡ್ಡ ಶಾಲೆಗೆ ಸೇರಿರುತ್ತದೆ.) ಜೊತೆಗೊಂದು ಪತ್ರ. ಹಳೆಯ ಅನುಮತಿಗಳೆಲ್ಲ ರದ್ದು, ಮನೆಯಲ್ಲಿ ಶಿಶುವಿಹಾರ ನಡೆಸುವವರೆಲ್ಲ ಮೂವತ್ತು ದಿನದೊಳಗೆ ಘೋಷಣಾ ಪತ್ರ ತುಂಬಿ ಕಳಿಸಬೇಕು, ಆಮೇಲೆ ತಪಾಸಣೆ, ತಪಾಸಣೆಯಲ್ಲಿ ಪಾಸಾದರೆ ಪರವಾನಗಿ, ಇಲ್ಲದಿದ್ದರೆ ಬಾಗಿಲು ಮುಚ್ಚಬೇಕು.

ನನ್ನಾಕೆಗೆ ಗೋಡೆಯಾಚೆಯಿಂದ ಅಳು ಕೇಳಿದರೂ ಸಾಕು, ಅದು ಹಸಿವೆಯ ಅಳುವೋ, ನಿದ್ದೆಯ ಅಳುವೋ, ಪಕ್ಕದವನು ಚಿವುಟಿದ ಅಳುವೋ ಎಂದು ಹೇಳಬಲ್ಲಳು. ಆದರೆ ಫಾರಂ ಕಂಡರೆ ಅವಳಿಗೆ ಓದು ಬರಹವೇ ಮರೆತುಹೋಗುತ್ತದೆ.

“ರೀ, ಇದರಲ್ಲಿ ‘ಅಡೆತಡೆರಹಿತ ನೆಲದ ವಿಸ್ತೀರ್ಣ’ ಅಂತಿದೆ. ಹಾಗಂದ್ರೇನ್ರೀ?” ಅಂದಳು.

ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಅವಳು ನನ್ನನ್ನು ಕೇಳಿದ ಪ್ರಶ್ನೆಗಳು ಎರಡೇ: “ರೀ, ತರಕಾರಿ ತಂದ್ರಾ?” ಮತ್ತು “ರೀ, ಕಸ ಹೊರಗಿಟ್ರಾ?” ಇದು ಮೂರನೆಯದು, ಅದೂ ವಿಸ್ತೀರ್ಣದ ಬಗ್ಗೆ! ನನ್ನ ಎದೆ ಎರಡಿಂಚು ಉಬ್ಬಿತು. (ಅಂದಾಜು. ಅಳೆಯಲಿಲ್ಲ.)

“ಏ ಇವಳೇ, ನೀನು ಇದರ ಯೋಚನೆ ಬಿಟ್ಟುಬಿಡು. ಇದು ನನ್ನ ಕ್ಷೇತ್ರ” ಅಂದೆ.

“ಅದಕ್ಕೇ ಯೋಚನೆ ಆಗ್ತಿರೋದು” ಅಂದಳು.

ಮೊದಲು ಆಫೀಸನ್ನು ವ್ಯವಸ್ಥೆಗೊಳಿಸಿದೆ, ಅಂದರೆ ಮೇಜನ್ನು ಒರೆಸಿದೆ. ಇನ್ನು ಮುಂದೆ ಶಿಶುವಿಹಾರಕ್ಕೆ ಬರುವ ಪ್ರತಿಯೊಂದು ಕಾಗದವೂ ನನ್ನ ಕೈಗೇ ಬರಬೇಕೆಂದು ಆಜ್ಞೆ ಹೊರಡಿಸಿ, ಬಂದ ಕಾಗದಗಳನ್ನು ಬರೆದಿಡಲು ಒಂದು ಆವಕ ಪುಸ್ತಕ ತೆರೆದೆ. ಲಕೋಟೆ ಬಂದ ಕೂಡಲೇ ನಂಬರು ಹಾಕುವುದು, ತಾರೀಖಿನ ಮುದ್ರೆ ಒತ್ತುವುದು, ಸರದಿಯಲ್ಲಿ ಇಡುವುದು. ಒಂದರ ವಿಲೇವಾರಿ ಮುಗಿಯುವ ತನಕ ಮುಂದಿನದನ್ನು ಒಡೆಯುವ ಹಾಗಿಲ್ಲ. ಮೂವತ್ತೊಂದು ವರ್ಷ ನಾನು ಪಾಲಿಸಿದ ಪದ್ಧತಿ ಇದು. ನನ್ನ ಆಫೀಸಿನಲ್ಲಿ ಒಂದು ಕಾಗದವೂ ಕಳೆದುಹೋಗಿರಲಿಲ್ಲ. (ಕೆಲವು ಸಿಕ್ಕಲೂ ಇಲ್ಲ, ಅದು ಬೇರೆ ಮಾತು.)

ಆಮೇಲೆ ಟೇಪು ತೆಗೆದುಕೊಂಡು ಹಾಲ್‌ಗೆ ಇಳಿದೆ. ಎಳೆದರೆ ಬರುವ, ಬಿಟ್ಟರೆ ಸರ್ರನೆ ಒಳಗೆ ಹೋಗುವ ಉಕ್ಕಿನ ಟೇಪು. ಹದಿನೆಂಟು ಮಕ್ಕಳೂ ಹಾಡು ಬಿಟ್ಟು ನನ್ನ ಸುತ್ತ ಸೇರಿಕೊಂಡವು. ಒಂದು ಮಗು ತನ್ನ ನಾಲಿಗೆ ಅಳೆಯಬೇಕೆಂದಿತು. ಇನ್ನೊಂದು ಬೊಂಬೆಯ ಕಾಲು ಮುಂದಿಟ್ಟಿತು. ಹತ್ತು ನಿಮಿಷದಲ್ಲಿ ನನಗೆ ‘ಟೇಪ್ ತಾತ’ ಎಂದು ನಾಮಕರಣವೂ ಆಯಿತು.

ಆಯಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, “ಯಜಮಾನ್ರೇ, ಮಕ್ಕಳಿಗೆ ಜಾಗ ಎಷ್ಟು ಅಂತ ಕೂತಾಗ ಅಳೀತೀರೋ, ಓಡುವಾಗ ಅಳೀತೀರೋ? ಕೂತ್ರೆ ಒಂದು ಮೊಳ ಸಾಕು. ಓಡೋಕೆ ನಿಂತ್ರೆ ಈ ಬೀದಿ ಪೂರ್ತಿ ಸಾಲಲ್ಲ” ಅಂದಳು.

ನಿಯಮಾವಳಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾನು ಗಂಭೀರವಾಗಿ ಅಳತೆ ಮುಂದುವರಿಸಿದೆ. ಹಾಲ್ ಮತ್ತು ಕೋಣೆ ಸೇರಿ ಮೂವತ್ತೆಂಟು ಚದರ ಮೀಟರ್. ಅದರಲ್ಲಿ ಕಪಾಟು, ಚಪ್ಪಲಿ ಗೂಡು, ಆಟಿಕೆ ಪೆಟ್ಟಿಗೆ, ನನ್ನ ಮೇಜು ಇತ್ಯಾದಿ ಅಡೆತಡೆಗಳನ್ನು ಕಳೆದರೆ ಉಳಿದದ್ದು ಮೂವತ್ತೈದು ಪಾಯಿಂಟ್ ಎರಡು. ಮಗುವಿಗೆ ಎರಡು ಚದರ ಮೀಟರ್ ಎಂದು ನಿಯಮ. ಭಾಗಿಸಿದೆ.

“ಹದಿನೇಳು ಪಾಯಿಂಟ್ ಆರು” ಅಂದೆ.

“ಏನದು ಹದಿನೇಳು ಪಾಯಿಂಟ್ ಆರು?” ಅಂದಳು ನನ್ನಾಕೆ.

“ಮಕ್ಕಳು. ಈ ಜಾಗದಲ್ಲಿ ಅಷ್ಟೇ ಮಕ್ಕಳು ಇರಬಹುದು.”

“ಹದಿನೆಂಟು ಅಂತ ಬರೀರಿ ಮತ್ತೆ.”

“ಹೇಗೆ ಬರೀಲಿ? ನಿಯಮ ಒಂಬತ್ತರ ಕೆಳಗೆ ಸ್ಪಷ್ಟವಾಗಿ ಹೇಳಿದ್ದಾರೆ. ದಶಮಾಂಶ ಬಂದರೆ ಕೆಳಗಿನ ಪೂರ್ಣ ಸಂಖ್ಯೆಯನ್ನೇ ಪರಿಗಣಿಸತಕ್ಕದ್ದು. ಅಂದ್ರೆ ಹದಿನೇಳು.”

“ಪಾಯಿಂಟ್ ನಾಲ್ಕು ತಾನೇ ಕಮ್ಮಿ ಬಿದ್ದಿರೋದು? ಆ ಕನ್ನಡಕದ ಹುಡುಗ ಯಾವಾಗ್ಲೂ ಮೂಲೇಲಿ ಮುದುರಿಕೊಂಡು ಕೂತಿರ್ತಾನೆ. ಅವನಿಗೆ ಒಂದು ಮೀಟರ್ ಧಾರಾಳ. ಉಳಿದಿದ್ದನ್ನ ಬೇರೆ ಮಗೂಗೆ ಕೊಡಿ.”

“ಒಂದು ಮಗುವಿನ ಜಾಗ ಇನ್ನೊಂದಕ್ಕೆ ವರ್ಗಾವಣೆ ಮಾಡೋ ಅಧಿಕಾರ ನನಗಿಲ್ಲ.”

“ನಿಮಗೆ ಯಾವ ಅಧಿಕಾರಾನೂ ಇಲ್ಲ. ಸುಮ್ನೆ ಹದಿನೆಂಟು ಅಂತ ಬರೀರಿ!”

ಒಂದು ಗ್ರಾಂ ಕಡಿಮೆ ತೂಗಿದ ಅಂಗಡಿಯವನನ್ನೂ ಬಿಡದವನು ನಾನು. ಸ್ವಂತ ಹೆಂಡತಿ ಎಂಬ ಕಾರಣಕ್ಕೆ ಪಾಯಿಂಟ್ ನಾಲ್ಕು ಮಗುವನ್ನು ಬಿಟ್ಟುಬಿಡಲೇ? ಅವಳು ಅಡುಗೆಮನೆಗೆ ಹೋದ ಸಮಯ ನೋಡಿ ‘ಹದಿನೇಳು’ ಎಂದು ಬರೆದು, ಹೋಗಿ ಅಂಚೆಗೆ ಹಾಕಿ ಬಂದೆ. ಬಂದು ಹೆಮ್ಮೆಯಿಂದ ಹೇಳಿದೆ ಕೂಡ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ನನ್ನಾಕೆ ಕೂಗಾಡಲಿಲ್ಲ. “ಹಾಗಾದ್ರೆ ಯಾವ ಮಗೂನ ಕಳಿಸ್ಲಿ, ನೀವೇ ಹೇಳಿ” ಅಂದಳು.

ಅದೂ ನಿಯಮಾವಳಿಯಲ್ಲಿತ್ತು. ಕೊನೆಗೆ ಸೇರಿದ ಮಗು ಮೊದಲು ಹೋಗಬೇಕು.

ಕೊನೆಗೆ ಸೇರಿದವಳು ಎರಡೂವರೆ ವರ್ಷದ ಪುಟ್ಟ ಹುಡುಗಿ. ಅವಳನ್ನು ನಾನು ‘ಸೈರನ್’ ಎಂದು ಕರೆಯುತ್ತಿದ್ದೆ. ಬೆಳಗ್ಗೆ ಅಮ್ಮ ಬಿಟ್ಟು ಹೋದಾಗ ಶುರು ಮಾಡಿದರೆ ಪಕ್ಕದ ಬೀದಿಯವರು ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳಬಹುದಾಗಿತ್ತು. ಅವಳ ಅಮ್ಮ ಬಸ್ ಕಂಡಕ್ಟರ್. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಎರಡು ಶಿಶುವಿಹಾರದವರು ಈ ಅಳು ನಮ್ಮಿಂದಾಗದು ಎಂದು ವಾಪಸು ಕಳಿಸಿದ ಮೇಲೆ, ಮೂರು ತಿಂಗಳ ಹಿಂದೆ ನಮ್ಮ ಬಾಗಿಲಿಗೆ ಬಂದಿದ್ದಳು. ಇಲ್ಲೂ ಆಗದಿದ್ದರೆ ಕೆಲಸ ಬಿಡುವುದೊಂದೇ ದಾರಿ ಎಂದಿದ್ದಳು. ನನ್ನಾಕೆ ಮಗುವನ್ನು ಎತ್ತಿಕೊಂಡು, “ಅಳಲಿ ಬಿಡಮ್ಮಾ, ಅಳೋಕೆ ಅವಳಿಗೂ ಒಂದು ಜಾಗ ಬೇಕಲ್ಲ” ಎಂದಿದ್ದಳು.

ನಾನು ‘ಹದಿನೇಳು’ ಬರೆದು ಅಂಚೆಗೆ ಹಾಕಿದ ದಿನದಿಂದ ನಮ್ಮ ಮನೆಯಲ್ಲಿ ಮಾತುಕತೆ ಆಯಮ್ಮನ ಮೂಲಕ ನಡೆಯತೊಡಗಿತು. ನಾನು ಮೂರಡಿ ದೂರದಲ್ಲಿ ನಿಂತಿದ್ದರೂ, “ಆಯಮ್ಮಾ, ಊಟ ಮೇಜಿನ ಮೇಲಿದೆ ಅಂತ ಹೇಳು” ಎನ್ನುವಳು. ಆಯಮ್ಮ ನನ್ನ ಕಡೆ ತಿರುಗಿ, “ಊಟ ಮೇಜಿನ ಮೇಲಿದೆಯಂತೆ” ಎನ್ನುವಳು. ಆಯಮ್ಮ ಮನೆಗೆ ಹೋದ ಮೇಲೆ ಆ ವ್ಯವಸ್ಥೆಯೂ ಇರಲಿಲ್ಲ. ಅವಳು ಗೋಡೆಗೆ ಹೇಳುತ್ತಿದ್ದಳು, ನಾನು ಗೋಡೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

ನಾಲ್ಕನೆಯ ದಿನ ಸಂಜೆ ಕಂಡಕ್ಟರಮ್ಮ ಯೂನಿಫಾರಂನಲ್ಲೇ ಮಗಳನ್ನು ಕರೆದುಕೊಂಡು ಹೋಗಲು ಬಂದಳು. ನನ್ನಾಕೆ ವಿಷಯ ಹೇಳಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವಳೇ, “ಟೀಚರಮ್ಮ, ಇವತ್ತು ನನ್ನ ಕೆಲಸ ಕಾಯಂ ಆಯ್ತು. ಎಲ್ಲ ನಿಮ್ಮಿಂದ” ಎಂದು ಕೈ ಹಿಡಿದುಕೊಂಡಳು. ನನ್ನಾಕೆ ತೆರೆದ ಬಾಯಿಯನ್ನು ಹಾಗೇ ನಗೆಯಾಗಿ ಮಾಡಿಕೊಂಡು ಕಳಿಸಿಕೊಟ್ಟಳು. ಆಮೇಲೆ ಒಳಗೆ ಬಂದು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಿಜ ಹೇಳುತ್ತೇನೆ, ನನಗೆ ಬಹಳ ಸಂಕಟವಾಯಿತು. ಅಷ್ಟು ವರ್ಷ ಎಷ್ಟೋ ಅಂಗಡಿಗಳ ತಕ್ಕಡಿ ಎತ್ತಿಕೊಂಡು ಬಂದಿದ್ದೆ. ಆಮೇಲೆ ಅವರ ಮನೆಗಳಲ್ಲಿ ಏನು ನಡೆಯಿತು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

“ತಿದ್ದಿದ ಘೋಷಣಾ ಪತ್ರ ಕಳಿಸೋಕೆ ಇನ್ನೂ ಅವಕಾಶ ಇದೆ. ಅಡೆತಡೆ ಕಮ್ಮಿ ಮಾಡಿದ್ರೆ ಜಾಗ ಜಾಸ್ತಿಯಾಗುತ್ತೆ” ಅಂದೆ ಮೆಲ್ಲಗೆ.

ಅವಳು ಕಣ್ಣೊರೆಸಿಕೊಂಡು ಮೊದಲ ಬಾರಿಗೆ ನೇರವಾಗಿ ಕೇಳಿದಳು. “ಎಷ್ಟು ಬೇಕು?”

“ಪಾಯಿಂಟ್ ಎಂಟು ಚದರ ಮೀಟರ್.”

“ನಿಮ್ಮ ಮೇಜು ಎಷ್ಟುದ್ದ?”

“ಒಂದು ಮೀಟರ್.”

“ಅಗಲ?”

“ಎಂಬತ್ತು ಸೆಂಟಿಮೀಟರ್.”

“ಲೆಕ್ಕ ಮಾಡಿ.”

ಯಾವ ಲೆಕ್ಕವನ್ನಾದರೂ ಬಾಯಲ್ಲೇ ಮಾಡುವ ನಾನು, ಅದಕ್ಕೆ ಕಾಗದ ಪೆನ್ಸಿಲು ಬೇಕಾಗುತ್ತದೆ ಎಂದೆ. ಎರಡು ದಿನ ಚಪ್ಪಲಿ ಗೂಡನ್ನು ಗೋಡೆಗೆ ನೇತುಹಾಕಬಹುದೇ, ಆಟಿಕೆ ಪೆಟ್ಟಿಗೆಯನ್ನು ಸೂರಿಗೆ ಕಟ್ಟಬಹುದೇ ಎಂದು ನೋಡಿದೆ. ಯಾವುದನ್ನು ಮುಟ್ಟಿದರೂ ಅದು ಯಾವುದೋ ಒಂದು ಮಗುವಿಗೆ ಬೇಕಾಗಿತ್ತು. ಯಾರಿಗೂ ಬೇಡದ್ದು ನನ್ನ ಮೇಜು ಮಾತ್ರ. ಕೊನೆಗೆ ಬಡಗಿಯನ್ನು ಕರೆಸಿದೆ.

ಬಡಗಿ ಮೇಜನ್ನು ಉದ್ದಕ್ಕೆ ತಿರುಗಿಸಿದ, ಅಡ್ಡಕ್ಕೆ ತಿರುಗಿಸಿದ, ತಲೆಕೆಳಗು ಮಾಡಿದ. ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಮೇಜು ಒಳಗೆ ಬಂದ ಮೇಲೆ ಮಕ್ಕಳ ಸುರಕ್ಷತೆಗೆಂದು ನಾನೇ ಮುಂದೆ ನಿಂತು ಬಾಗಿಲನ್ನು ಚಿಕ್ಕದು ಮಾಡಿಸಿದ್ದೆ.

“ಚಿಕ್ಕದು ಮಾಡಿಸುವಾಗ ಅಳತೆ ನೋಡ್ಲಿಲ್ವಾ ಸಾರ್?” ಅಂದ. ಆಮೇಲೆ ಗರಗಸ ತೆಗೆಯುತ್ತಾ, “ನೀವು ಯಾವ ಇಲಾಖೇಲಿ ಇದ್ರಿ?” ಅಂದ.

“ಅಂಚೆ ಇಲಾಖೆ” ಅಂದೆ. ಜೀವಮಾನದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

ಮೇಜು ಎರಡು ಹೋಳಾಗಿ ಹೊರಗೆ ಹೋಯಿತು. ‘ಹದಿನೆಂಟು’ ಎಂದು ತಿದ್ದಿದ ಘೋಷಣಾ ಪತ್ರ ಅಂಚೆಗೆ ಹೋಯಿತು. ಅಂದು ರಾತ್ರಿ ಊಟಕ್ಕೆ ನನ್ನಾಕೆ ತಾನೇ ಕರೆದಳು.

ತಪಾಸಣೆಯ ದಿನ ಬಂತು. ನನಗೆ ಅನುಭವವಿತ್ತು, ಆದರೆ ಮೇಜಿನ ಆಚೆ ಬದಿಯದು. ಅಂಗಡಿಯವರು ನನಗೆ ಮಾಡುತ್ತಿದ್ದ ಉಪಚಾರಗಳನ್ನೆಲ್ಲ ನೆನಪಿಸಿಕೊಂಡೆ. ಫ್ಯಾನಿನ ಕೆಳಗೆ ಒಳ್ಳೆಯ ಕುರ್ಚಿ, ತಣ್ಣನೆಯ ಶರಬತ್ತು, ಎದುರಿಗೆ ದಪ್ಪ ಫೈಲು. ಬಂದಾಕೆ ಮೂವತ್ತು ದಾಟಿರದ ಹೆಣ್ಣುಮಗಳು. ಕುರ್ಚಿಯನ್ನು ನೋಡದೆ ಹೋಗಿ ಮಕ್ಕಳ ನಡುವೆ ನೆಲದ ಮೇಲೆ ಕುಳಿತರು. ಎರಡು ನಿಮಿಷದಲ್ಲಿ ಅವರ ತೊಡೆಯ ಮೇಲೊಂದು ಮಗು, ಬೆನ್ನ ಮೇಲೊಂದು. ನನ್ನಾಕೆ ಹಾಡು ಹೇಳಿಸಿದ್ದನ್ನು, ಕಥೆ ಹೇಳಿದ್ದನ್ನು, ಇಬ್ಬರ ಜಗಳ ಬಿಡಿಸಿದ್ದನ್ನು ಗಂಟೆಹೊತ್ತು ಸುಮ್ಮನೆ ನೋಡಿದರು. ಶರಬತ್ತನ್ನು ಕನ್ನಡಕದ ಹುಡುಗ ಕುಡಿದ.

ನಾನು ಕಾದು ಕಾದು ಕೊನೆಗೆ ಅಳತೆಯ ಹದಿನಾಲ್ಕು ಪುಟದ ವಿವರವನ್ನು ಅವರ ಮುಂದೆ ಹಿಡಿದೆ.

“ಅಳತೆ ಯಾಕೆ ಸಾರ್?” ಅಂದರು. “ಐದು ವರ್ಷಕ್ಕಿಂತ ಹಳೇ ಕೇಂದ್ರಗಳಿಗೆ ಆ ನಿಯಮ ತೆಗೆದುಬಿಟ್ಟಿದ್ದಾರಲ್ಲ. ತಿದ್ದುಪಡಿ ಸುತ್ತೋಲೆ ಕಳಿಸಿ ತಿಂಗಳಾಯ್ತು.”

ನನ್ನ ಕಣ್ಣ ಮುಂದೆ ಎರಡು ಹೋಳು ಮೇಜು ಬಂದು ನಿಂತಿತು.

“ಅದೇ ಸುತ್ತೋಲೇಲಿ ಇನ್ನೊಂದು ಇತ್ತು” ಎಂದು ಅವರು ನನ್ನಾಕೆಯ ಕಡೆ ತಿರುಗಿದರು. “ಜಾಗಕ್ಕಿಂತ ನೋಡ್ಕೊಳ್ಳೋ ಜನ ಮುಖ್ಯ ಅಂತ ತೀರ್ಮಾನ ಆಗಿದೆ. ಆರು ಮಕ್ಕಳಿಗೆ ಒಬ್ಬ ದೊಡ್ಡವರು ಇರ್ಬೇಕು. ನಿಮ್ಮ ಹದಿನೆಂಟಕ್ಕೆ ಮೂರು ಜನ. ಹೆಸರು ಕೊಡೋಕೆ ಇವತ್ತೇ ಕೊನೇ ದಿನ. ನೀವು, ಆಯಮ್ಮ, ಮೂರನೆಯವರು ಯಾರು?”

ನನ್ನಾಕೆ ನನ್ನ ಕಡೆ ನೋಡಿದಳು. “ನಮಗೆ ಅಂಥ ಸುತ್ತೋಲೆ ಬಂದೇ ಇಲ್ಲ ಮೇಡಂ.”

“ರಿಜಿಸ್ಟರ್ಡ್ ಅಂಚೇಲಿ ಕಳಿಸಿದ್ದೀವಮ್ಮ. ಸಹಿ ಹಾಕಿ ತಗೊಂಡಿದ್ದಾರೆ” ಎಂದು ಅವರು ಒಂದು ಚೀಟಿ ತೋರಿಸಿದರು. ಅದರ ಮೇಲಿದ್ದದ್ದು ಸುಂದರವಾದ, ದುಂಡಗಿನ, ಮೂವತ್ತೊಂದು ವರ್ಷ ಅಭ್ಯಾಸವಾದ ಸಹಿ. ನನ್ನದೇ.

ನಾನು ಮೆಲ್ಲಗೆ ಫೈಲು ಬಿಚ್ಚಿದೆ. ಆವಕ ಸಂಖ್ಯೆ ಹದಿನಾಲ್ಕು. ಮೇಲೆ ತಾರೀಖಿನ ಮುದ್ರೆ ಅಚ್ಚುಕಟ್ಟಾಗಿ ಬಿದ್ದಿತ್ತು. ಲಕೋಟೆ ಒಡೆದಿರಲಿಲ್ಲ.

“ಸರದಿ ಬಂದಿರ್ಲಿಲ್ಲ” ಅಂದೆ. “ಹದಿಮೂರರ ವಿಲೇವಾರಿ ಇನ್ನೂ ಆಗ್ಬೇಕಿತ್ತು.”

“ಹದಿಮೂರು ಏನು?” ಅಂದಳು ನನ್ನಾಕೆ.

“ಪ್ಲಾಸ್ಟಿಕ್ ಜಾರುಬಂಡೆ ಕಂಪನಿಯವರದ್ದು. ಕೊಳ್ತೀರಾ ಅಂತ ಕೇಳಿದ್ರು. ಬೇಡ ಅಂತ ಬರೆಯೋಕೆ ಒಳ್ಳೆ ಒಕ್ಕಣೆ ಹುಡುಕ್ತಾ ಇದ್ದೆ.”

ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. “ಹನ್ನೆರಡೇ ಮಕ್ಕಳು” ಎಂದಳು ತನಗೆ ತಾನೇ. ಒಂದು ಮಗುವನ್ನು ಉಳಿಸಲು ಹೋಗಿ ಆರು ಮಕ್ಕಳನ್ನು ಬೀದಿಗೆ ನಿಲ್ಲಿಸಿದ್ದೆ. ಆ ಹೊತ್ತಿಗೆ ಸರಿಯಾಗಿ, ವಾತಾವರಣದಲ್ಲಿ ಏನೋ ಕೆಟ್ಟಿದೆ ಎಂದು ಗೊತ್ತಾದವಳಂತೆ, ಸೈರನ್ ಶುರು ಮಾಡಿದಳು. ಆಯಮ್ಮ ಎತ್ತಿಕೊಂಡಳು, ನಿಲ್ಲಲಿಲ್ಲ. ನನ್ನಾಕೆ ಎತ್ತಿಕೊಂಡಳು, ನಿಲ್ಲಲಿಲ್ಲ. ಅಧಿಕಾರಿಣಿ ತಮ್ಮ ಪೆನ್ನನ್ನೇ ಕೊಟ್ಟರು, ಎಸೆದಳು.

ಇದಾವುದರ ಪರಿವೆ ನನಗಿರಲಿಲ್ಲ. ಆ ಸುತ್ತೋಲೆಯಲ್ಲಿ ತಪ್ಪಿಸಿಕೊಳ್ಳುವ ದಾರಿ ಏನಾದರೂ ಇರಲೇಬೇಕು ಎಂದು ಲಕೋಟೆ ಹರಿದು, ನೆಲದ ಮೇಲೆ ಕುಳಿತು, ಆಫೀಸಿನ ದನಿಯಲ್ಲಿ ಗಟ್ಟಿಯಾಗಿ ಓದಲು ತೊಡಗಿದೆ. “ಮೂಲ ನಿಯಮಾವಳಿಯ ನಿಯಮ ಒಂಬತ್ತರ ಉಪನಿಯಮ ಮೂರರಲ್ಲಿ, ‘ಎಂದು ಪರಿಗಣಿಸತಕ್ಕದ್ದು’ ಎಂಬ ಪದಗಳ ಬದಲಾಗಿ, ‘ಎಂದು ಪರಿಗಣಿಸತಕ್ಕದ್ದಲ್ಲ’ ಎಂಬ ಪದಗಳನ್ನು ಸೇರಿಸತಕ್ಕದ್ದು, ಮತ್ತು ಮೇಲ್ಕಂಡ ಉಪನಿಯಮದ ಖಂಡ ‘ಆ’ದಲ್ಲಿ...”

ಮೂರನೆಯ ಪುಟಕ್ಕೆ ಬಂದಾಗ ಮನೆ ನಿಶ್ಶಬ್ದವಾಗಿತ್ತು. ತಲೆ ಎತ್ತಿ ನೋಡಿದೆ. ಸೈರನ್ ನನ್ನ ಮೊಣಕಾಲಿಗೆ ತಲೆಯಿಟ್ಟು, ಬಾಯಲ್ಲಿ ಹೆಬ್ಬೆರಳಿಟ್ಟುಕೊಂಡು ಗಾಢ ನಿದ್ರೆಯಲ್ಲಿದ್ದಳು. ಸುತ್ತ ಇನ್ನೂ ಏಳು ಮಕ್ಕಳು ಅಡ್ಡಾದಿಡ್ಡಿ ಮಲಗಿದ್ದವು. ಆಯಮ್ಮ ಗೋಡೆಗೊರಗಿ ಆಕಳಿಸುತ್ತಿದ್ದಳು.

“ಸಾರ್, ಸಾಕು, ನಿಲ್ಲಿಸಿ” ಎಂದರು ಅಧಿಕಾರಿಣಿ, ಆಕಳಿಕೆಯನ್ನು ಕೈಯಲ್ಲಿ ಮುಚ್ಚಿಕೊಂಡು. “ಮೂರನೆಯವರು ಸಿಕ್ಕಿದ್ರಲ್ಲ.”

“ಇವರಾ?” ಅಂದಳು ನನ್ನಾಕೆ.

“ನಾನಾ?” ಅಂದೆ.

“ಯಜಮಾನ್ರಾ!” ಅಂದಳು ಆಯಮ್ಮ.

ನಮ್ಮ ಮನೆಯಲ್ಲಿ ಒಂದು ವಿಷಯಕ್ಕೆ ಇಷ್ಟು ಒಮ್ಮತ ಬಂದದ್ದು ಅದೇ ಮೊದಲು. “ಮೇಡಂ, ಇವರಿಗೆ ತಮ್ಮ ಕನ್ನಡಕ ಎಲ್ಲಿದೆ ಅಂತಾನೇ ಗೊತ್ತಿರಲ್ಲ” ಎಂದು ನನ್ನಾಕೆ ನನ್ನ ಅನರ್ಹತೆಗಳನ್ನು ಶುರು ಮಾಡಿದಳು. ನಾನೂ ಒಪ್ಪಿಕೊಂಡು ನಾಲ್ಕು ಸೇರಿಸೋಣವೆಂದು ಬಾಯಿ ತೆರೆದೆ. ಆಗ ಮೊಣಕಾಲಿನ ಮೇಲಿದ್ದ ಮಗು ನಿದ್ದೆಯಲ್ಲೇ ಒಂದು ಬಿಕ್ಕು ಬಿಕ್ಕಿತು. ಇಪ್ಪತ್ತೊಂದು ವರ್ಷ ಈ ಹಾಲ್‌ನಲ್ಲಿ ಏನು ನಡೆಯುತ್ತಿದೆ ಎಂದು ನಾನು ಬಾಗಿಲ ಸಂದಿನಿಂದಲೂ ನೋಡಿರಲಿಲ್ಲ. ನನ್ನ ಮೇಜು ನೆಟ್ಟಗಿದೆಯೇ ಎಂದಷ್ಟೇ ನೋಡುತ್ತಿದ್ದೆ. ನಾಚಿಕೆಯಾಯಿತು.

“ಬರ್ಕೊಳ್ಳಿ” ಅಂದೆ.

ಬರೆದುಕೊಂಡರು. ಹನ್ನೆರಡು ದಿನ ತರಬೇತಿ, ಮೂರು ತಿಂಗಳು ಪ್ರೊಬೇಷನ್. ಮುಖ್ಯಸ್ಥರ ಕೈಕೆಳಗೆ ಕೆಲಸ. ಮೂರು ತಿಂಗಳಾದ ಮೇಲೆ ಮುಖ್ಯಸ್ಥರು ನನ್ನ ಬಗ್ಗೆ ಗುಪ್ತ ವರದಿ ಬರೆಯಬೇಕು. ವರದಿ 'ತೃಪ್ತಿಕರವಲ್ಲ' ಎಂದಿದ್ದರೆ ಆರು ಮಕ್ಕಳು ಹೋಗಬೇಕು, ಸೈರನ್ ಮೊದಲಾಗಿ. ಮುಖ್ಯಸ್ಥರು ಯಾರೆಂದು ನಾನು ಹೇಳಬೇಕಾಗಿಲ್ಲ.

ಮರುದಿನ ಬೆಳಗ್ಗೆ ಮಗಳನ್ನು ಬಿಡಲು ಬಂದ ಕಂಡಕ್ಟರಮ್ಮ, ನಾನು ಏಪ್ರನ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತದ್ದನ್ನು ಕಂಡು, ಟಿಕೆಟ್ಟಿಲ್ಲದ ಪ್ರಯಾಣಿಕನನ್ನು ನೋಡುವ ಹಾಗೆ ನೋಡಿದಳು. “ಟೀಚರಮ್ಮ, ಬೇರೆ ಯಾರೂ ಸಿಗ್ಲಿಲ್ವಾ?” ಎಂದು ನನ್ನೆದುರೇ ಕೇಳಿದಳು.

ಆ ಮೂರು ತಿಂಗಳನ್ನು ನಾನು ಹೇಗೆ ವರ್ಣಿಸಲಿ! ಹದಿನೆಂಟು ಲೋಟಕ್ಕೆ ಹಾಲನ್ನು ಒಂದು ಹನಿ ಹೆಚ್ಚು ಕಡಿಮೆಯಾಗದಂತೆ ಅಳೆದು ಹಾಕಿದೆ; ಅಷ್ಟರಲ್ಲಿ ಹಾಲು ತಣ್ಣಗಾಗಿ, ಯಾರೂ ಕುಡಿಯಲಿಲ್ಲ. ಮೂವತ್ತಾರು ಚಪ್ಪಲಿಗಳನ್ನು ಜೋಡಿಸಿದೆ. ಎಡಗಾಲಿನವೆಲ್ಲ ಒಂದು ಕಡೆ, ಬಲಗಾಲಿನವೆಲ್ಲ ಒಂದು ಕಡೆ. ಕೈ ತೊಳೆಯುವಾಗ ನಾಲ್ಕು ವರ್ಷದ ಹುಡುಗಿಯೊಬ್ಬಳು ನನ್ನ ಕೈ ಹಿಡಿದು, “ಬೆರಳ ಸಂದೀಲಿ ತೊಳ್ದಿಲ್ಲ ಟೇಪ್ ತಾತ, ಇನ್ನೊಂದ್ಸಲ” ಎಂದು ವಾಪಸು ನಲ್ಲಿಗೆ ಕಳಿಸಿದಳು. ಕನ್ನಡಕದ ಹುಡುಗ ನನ್ನ ಕನ್ನಡಕವನ್ನು ದಿನವೂ ಹುಡುಕಿಕೊಡುವ ಜವಾಬ್ದಾರಿ ವಹಿಸಿಕೊಂಡ. ಸೈರನ್ ಮಾತ್ರ ಬೆಳಗ್ಗೆ ಅಮ್ಮ ಹೋದ ಕೂಡಲೇ ಬಂದು ನಿಯಮಾವಳಿ ತೆಗೆದು ನನ್ನ ಮಡಿಲಿಗೆ ಹಾಕಿ, “ಓದು” ಎನ್ನುವಳು. ಎರಡು ಪುಟ ಓದಿದರೆ ಅಳು ನಿಲ್ಲುತ್ತಿತ್ತು. ಮೂರನೆಯ ತಿಂಗಳು ಓದುವುದಕ್ಕೆ ಮೊದಲೇ ನಿಲ್ಲತೊಡಗಿತು, ಆದರೂ ನಾನು ಓದುತ್ತಿದ್ದೆ.

ವರದಿ ಬರೆಯುವ ದಿನ ಬಂತು. ಒಳಗೊಳಗೇ ನನಗೆ ಪರಮಾನಂದ. ಮೂವತ್ತನಾಲ್ಕು ವರ್ಷದಲ್ಲಿ ಬಾಯಿ ಮಾತಿಗೂ ನನ್ನನ್ನು ಹೊಗಳದವಳು ಈಗ ಲಿಖಿತ ರೂಪದಲ್ಲಿ, ಸಹಿ ಸಮೇತ ಹೊಗಳಲೇಬೇಕು! ಹೊಗಳದಿದ್ದರೆ ಆರು ಮಕ್ಕಳು ಕೈ ತಪ್ಪುತ್ತಾರೆ. ಅದರ ಒಂದು ಪ್ರತಿಯನ್ನು ಚೌಕಟ್ಟು ಹಾಕಿಸಲು ಗೋಡೆಯಲ್ಲಿ ಜಾಗವನ್ನೂ ನೋಡಿಟ್ಟೆ. ಅವಳು ಬರೆದು ಮುಗಿಸಿದ ಕೂಡಲೇ, ಹೊರಗೆ ಹೋಗುವ ಕಾಗದಕ್ಕೆ ನಂಬರು ಹಾಕಬೇಕೆಂಬ ನೆಪದಲ್ಲಿ ಕಸಿದುಕೊಂಡು ಓದಿದೆ.

ಸಮಯಪಾಲನೆ: “ಮನೆಯಲ್ಲೇ ಇರುವುದರಿಂದ ತಪ್ಪಿಸಿಕೊಳ್ಳಲು ಅವಕಾಶವಿಲ್ಲ.”

ಸೂಚನೆಗಳ ಪಾಲನೆ: “ಮೂರನೆಯ ಸಲ ಹೇಳಿದರೆ ಪಾಲಿಸುತ್ತಾರೆ.”

ಒಟ್ಟು ಅಭಿಪ್ರಾಯ: “ಮಕ್ಕಳು ಇವರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಮುಂದುವರಿಸಬಹುದು.”

“ಏ ಇವಳೇ! ಉಲ್ಟಾ ಬರೆದಿದ್ದೀಯಲ್ಲೇ!” ಅಂದೆ.

“ಸರಿಯಾಗೇ ಬರೆದಿದ್ದೀನಿ. ಸರ್ಕಾರದ ಕಾಗದದಲ್ಲಿ ಸುಳ್ಳು ಬರೀಬಾರದು ಅಂತ ನೀವೇ ಹೇಳ್ತಿರ್ತೀರಲ್ಲ.”

“ಇದನ್ನ ಓದಿ ಅವರು ಪರವಾನಗಿ ಕೊಡ್ತಾರಾ? ಬಂದು ವಿಚಾರಿಸ್ತಾರೆ, ನೋಡ್ತಿರು.”

“ವಿಚಾರಿಸ್ಲಿ ಬಿಡಿ.”

ನಾನು ಹೇಳಿದ ಹಾಗೇ ಆಯಿತು. ಮುಂದಿನ ವಾರ ಮಧ್ಯಾಹ್ನ ಒಂದೂವರೆಗೆ, ಹೇಳದೆ ಕೇಳದೆ ಅಧಿಕಾರಿಣಿ ಬಂದರು. ಬಂದದ್ದು ನನಗೆ ಗೊತ್ತಾಗಲಿಲ್ಲ. ಮಕ್ಕಳನ್ನು ಮಲಗಿಸಲೆಂದು ನಿಯಮ ನಲವತ್ತೊಂದನ್ನು ಓದುತ್ತಿದ್ದವನಿಗೆ ಆಮೇಲೆ ಏನಾಯಿತೋ ನೆನಪಿಲ್ಲ. ಎಚ್ಚರವಾದಾಗ ಚಾಪೆಯ ಮೇಲಿದ್ದೆ. ಮೈಮೇಲೆ ಆನೆ ಚಿತ್ರದ ಪುಟ್ಟ ಹೊದಿಕೆ, ಎದೆಯಿಂದ ಹೊಟ್ಟೆಯವರೆಗೆ ಮಾತ್ರ. ಕನ್ನಡಕವನ್ನು ಕನ್ನಡಕದ ಹುಡುಗ ಜೋಪಾನವಾಗಿ ಹಿಡಿದುಕೊಂಡು ಕುಳಿತಿದ್ದ. ತಲೆಯ ಬಳಿ ಸೈರನ್ ಕುಳಿತು, ಪುಟ್ಟ ಕೈಯಿಂದ ನನ್ನ ಬೋಳು ತಲೆಯನ್ನು ತಟ್ಟುತ್ತಿದ್ದಳು. ಎದುರಿಗೆ ನಿಂತಿದ್ದ ಅಧಿಕಾರಿಣಿ ಏನೋ ಕೇಳಲು ಬಾಯಿ ತೆರೆದರೆ, ಹಿಂದೆ ಇಡೀ ಬೀದಿಗೆ ಕೇಳುವಂತೆ ಅಳುತ್ತಿದ್ದ ಆ ಹುಡುಗಿ ತುಟಿಯ ಮೇಲೆ ಬೆರಳಿಟ್ಟು, “ಶ್! ತಾತ ಏಳುತ್ತೆ” ಅಂದಳು.

ನಾನು ಮತ್ತೆ ಕಣ್ಣು ಮುಚ್ಚಿಕೊಂಡೆ. ಅದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಪರವಾನಗಿ ಬಂತು, ಹದಿನೆಂಟು ಮಕ್ಕಳಿಗೇ. ಜೊತೆಯಲ್ಲಿ ವರದಿಯ ಪ್ರತಿಯೂ ಬಂತು. ನನ್ನಾಕೆ ಅದನ್ನು ನಾನು ನೋಡಿಟ್ಟಿದ್ದ ಜಾಗದಲ್ಲೇ ಚೌಕಟ್ಟು ಹಾಕಿಸಿ ತೂಗುಹಾಕಿದ್ದಾಳೆ. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರೆಲ್ಲ ನಿಂತು ಓದಿಕೊಂಡು ಹೋಗುತ್ತಾರೆ. ಅವಳ ಅಭಿಪ್ರಾಯದ ಕೆಳಗೆ ಅಧಿಕಾರಿಣಿಯ ಷರಾ, ಅದರ ಕೆಳಗೆ ಸರ್ಕಾರದ ದುಂಡು ಮುದ್ರೆ:

“ಅನಿರೀಕ್ಷಿತ ತಪಾಸಣೆಯಲ್ಲಿ ಮೇಲ್ಕಂಡ ಸಂಗತಿ ನಿಜವೆಂದು ದೃಢಪಟ್ಟಿದೆ. ಮಕ್ಕಳ ಸೇವೆ ತೃಪ್ತಿಕರವಾಗಿದೆ.”